ಎಣ್ಣೆ ನೋಡಿ ಬಾಲ್ ತಗೊಳ್ಳಿ: ಬೌಲಿಂಗ್ ಬ್ಯಾಗಿಗೆ ಮೂರೇ ಸಾಕು

ನಮಸ್ಕಾರ. ಇದು ದಾವಣಗೆರೆ ವಿದ್ಯಾನಗರದ ನಮ್ಮ ಮನೆ. ನೆಲದ ಮೇಲೆ ಸಾಲಾಗಿ ಕೂತಿರೋದು ಐದು ಬೌಲಿಂಗ್ ಬಾಲ್. ಕ್ರಿಕೆಟ್ಟಿನದಲ್ಲ, ಉದ್ದನೆ ಲೇನ್ ಮೇಲೆ ಉರುಳಿಸಿ ಹತ್ತು ಪಿನ್ ಬೀಳಿಸೋ ಆಟದ್ದು. ಉರುಳಿ ಸೋಫಾ ಕೆಳಗೆ ಹೋಗದಿರಲಿ ಅಂತ ಒಂದೊಂದಕ್ಕೂ ಒಂದು ಸಿಂಬೆ ಕೊಟ್ಟಿದ್ದೇನೆ. ಕೊಡ ಇಡೋಕೆ ಅಂತ ಅಮ್ಮ ಹಳೇ ಸೀರೆಯಲ್ಲಿ ಸುತ್ತಿಟ್ಟ ಸಿಂಬೆಗಳಿವು. "ಕೊಡಕ್ಕೆ ಒಂದಾದ್ರೂ ಬಿಡೋ" ಅಂತ ಅಡುಗೆ ಮನೆಯಿಂದ ದನಿ ಬರುತ್ತಿದೆ, ಕೇಳಿಸಿತಾ?

ನಾಳೆ ಬೆಳಿಗ್ಗೆ ಬೆಂಗಳೂರಿಗೆ ರೈಲು. ನಾನು ಆಡೋದು ಅಲ್ಲಿ, ತಯಾರಿ ಎಲ್ಲಾ ಇಲ್ಲಿ. ನನ್ನ ಒಂದು ಬಾಲ್ 14 ಪೌಂಡ್, ಅಂದರೆ 6.35 ಕೆಜಿ. ಐದನ್ನೂ ಹೊತ್ತರೆ ಹತ್ತಿರ ಹತ್ತಿರ 32 ಕೆಜಿ. ಬ್ಯಾಗಿನ ತೂಕ ಬೇರೆ. ಮೂರಾದರೆ 19 ಕೆಜಿ, ಹೇಗೋ ಎಳೆದುಕೊಂಡು ಹೋಗಬಹುದು. ಹಾಗಾದರೆ ಯಾವ ಮೂರು? ಇವತ್ತಿನ ವ್ಲಾಗ್ ಪೂರ್ತಿ ಇದೇ ಲೆಕ್ಕ.

ಈ ಲೆಕ್ಕ ಶುರುವಾಗಿದ್ದು ನಮ್ಮ ಚಿಕ್ಕಪ್ಪನ ಮಗನಿಂದ. ಇಲ್ಲೇ ಬಿಐಇಟಿ ಇಂಜಿನಿಯರಿಂಗ್ ಕಾಲೇಜಲ್ಲಿ ಓದಿ, ಈಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ಆಫೀಸಿನವರ ಜೊತೆ ಬೌಲಿಂಗಿಗೆ ಹೋಗಿ ಹೋಗಿ ಹುಚ್ಚು ಹಿಡಿದಿದೆ. ಮೊನ್ನೆ ಫೋನ್ ಮಾಡಿದ. "ಅಣ್ಣಾ, ಎಲ್ಲಕ್ಕಿಂತ ಜಾಸ್ತಿ ಹುಕ್ ಆಗೋ ಬಾಲ್ ಯಾವುದು ಹೇಳು, ಅದನ್ನೇ ತಗೊಂಡುಬಿಡ್ತೀನಿ." ಹುಕ್ ಅಂದರೆ ನೇರ ಹೋಗ್ತಿದ್ದ ಬಾಲ್ ಕೊನೆಯಲ್ಲಿ ಪಕ್ಕಕ್ಕೆ ತಿರುಗೋದು. ನಾನು ಕೇಳಿದೆ, "ಯಾವ ಎಣ್ಣೆ ಮೇಲಪ್ಪಾ?" ಆ ಕಡೆ ಸದ್ದೇ ಇಲ್ಲ.

ಬಾಲ್ ವಿಷಯಕ್ಕೆ ಮೊದಲು ಎಣ್ಣೆ ವಿಷಯ ಗೊತ್ತಿರಬೇಕು. ಫೌಲ್ ಲೈನ್‌ನಿಂದ ಮುಂದಿನ ಪಿನ್‌ವರೆಗೆ ಲೇನ್ 60 ಅಡಿ ಉದ್ದ. ಅಗಲ ಸುಮಾರು 41.5 ಇಂಚು. ಆ ಅಗಲದಲ್ಲಿ 39 ಪಟ್ಟಿಗಳಿವೆ, ಆಟದವರು ಬೋರ್ಡ್ ಅನ್ನುತ್ತಾರೆ. ಬಲಗೈಯವರು ಬಲ ಅಂಚಿನಿಂದ ಎಣಿಸುತ್ತಾರೆ. ಇದರ ಮೇಲೆ ಒಂದು ಮೆಷಿನ್ ಓಡಾಡಿ ತೆಳುವಾಗಿ ಎಣ್ಣೆ ಬಳಿಯುತ್ತದೆ. ಮರದ ಲೇನ್ ಹಾಳಾಗದಿರಲಿ ಅಂತ ಹಚ್ಚುತ್ತಿದ್ದ ಎಣ್ಣೆ, ಹೋಗ್ತಾ ಹೋಗ್ತಾ ಆಟವನ್ನೇ ಆಳೋಕೆ ಶುರು ಮಾಡಿತು. ಒಂದು ಲೇನ್‌ಗೆ ಸಾಮಾನ್ಯವಾಗಿ 20ರಿಂದ 30 ಎಂಎಲ್, ಅಷ್ಟೇ. ನಮ್ಮೂರಿನ ಒಂದು ಬೆಣ್ಣೆ ದೋಸೆಗೆ ಬೀಳೋ ಬೆಣ್ಣೆಗಿಂತ ಬಹಳ ಜಾಸ್ತಿಯೇನಲ್ಲ. ಬಣ್ಣವೂ ಇಲ್ಲ, ದೂರದಿಂದ ಕಣ್ಣಿಗೆ ಕಾಣೋದೂ ಇಲ್ಲ.

ಎಣ್ಣೆ ಇರೋ ಕಡೆ ಬಾಲ್ ಜಾರುತ್ತದೆ. ಒಣ ಜಾಗ ಸಿಕ್ಕ ತಕ್ಷಣ ನೆಲ ಹಿಡಿದು ತಿರುಗುತ್ತದೆ. ಆಮೇಲೆ ತಿರುಗೋದು ನಿಲ್ಲಿಸಿ ನೇರ ಉರುಳುತ್ತದೆ. ಸ್ಕಿಡ್, ಹುಕ್, ರೋಲ್. ಪಾಕೆಟ್‌ಗೆ (ಮುಂದಿನ ಪಿನ್ನಿಗೂ ಅದರ ಪಕ್ಕದ್ದಕ್ಕೂ ನಡುವಿನ ಸಂದಿಗೆ) ಬಂದು ಮುಟ್ಟುವ ಹೊತ್ತಿಗೆ ಬಾಲ್ ಉರುಳೋ ಹಂತಕ್ಕೆ ಬಂದಿರಬೇಕು. ಬೇಗ ಹುಕ್ ಆದರೆ ದಮ್ ಮುಗಿದು ಸಪ್ಪೆಯಾಗಿ ಹೊಡೆಯುತ್ತದೆ. ಲೇಟಾಗಿ ಹುಕ್ ಆದರೆ ಪಾಕೆಟ್ಟೇ ಸಿಗೋದಿಲ್ಲ. ಅಂದರೆ ಜಾಸ್ತಿ ಹುಕ್ ಬೇಕು ಅನ್ನೋದು ಅರ್ಧ ಮಾತು. ಎಲ್ಲಿ ಹುಕ್ ಆಗಬೇಕು ಅನ್ನೋದು ಉಳಿದರ್ಧ.

ನಾವು ನೀವು ದುಡ್ಡು ಕೊಟ್ಟು ಆಡೋ ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಹೌಸ್ ಪ್ಯಾಟರ್ನ್, ಅಂದರೆ ಎಣ್ಣೆ ಹಚ್ಚೋ ಮಾಮೂಲಿ ಮಾದರಿ. ಸುಮಾರು 40 ಅಡಿವರೆಗೆ ಎಣ್ಣೆ. ನಡುವೆ ದಪ್ಪ, ಅಂಚಿನಲ್ಲಿ ತೆಳು. ಅಂಚಿನಲ್ಲಿ ಒಂದು ಪಾಲು ಇದ್ದರೆ ನಡುವೆ ಎಂಟು, ಹತ್ತು ಪಾಲು. ಕೈ ತಪ್ಪಿ ಬಲಕ್ಕೆ ಹೋಯಿತಾ, ಒಣ ಜಾಗ ಬಾಲನ್ನು ವಾಪಸ್ ತರುತ್ತದೆ. ಒಳಗೆ ಬಂತಾ, ಎಣ್ಣೆ ತಡೆದು ನಿಲ್ಲಿಸುತ್ತದೆ. ಕರುಣೆ ಇರೋ ಪ್ಯಾಟರ್ನ್ ಇದು. ಸ್ಪೋರ್ಟ್ ಪ್ಯಾಟರ್ನ್‌ನಲ್ಲಿ ಈ ವ್ಯತ್ಯಾಸ ಮೂರು ಪಾಲಿಗೋ ಇನ್ನೂ ಕಡಿಮೆಗೋ ಇಳಿಯುತ್ತದೆ. ಅಲ್ಲಿ ತಪ್ಪಿದರೆ ತಪ್ಪಿದ ಹಾಗೇ. ಅಮೆರಿಕದ ವೃತ್ತಿಪರ ಬೌಲರ್‌ಗಳ ಸಂಘ ಪಿಬಿಎಯ ಕೆಲವು ಪ್ಯಾಟರ್ನ್‌ಗಳಿಗೆ ಪ್ರಾಣಿಗಳ ಹೆಸರಿವೆ. ಚೀತಾ ಗಿಡ್ಡ, ಶಾರ್ಕ್ ಉದ್ದ.

ಉದ್ದ ಗೊತ್ತಿದ್ದರೆ ಒಂದು ಸುಲಭ ಲೆಕ್ಕವಿದೆ. ಎಣ್ಣೆಯ ಉದ್ದದಿಂದ 31 ಕಳೆಯಿರಿ. 41 ಅಡಿ ಇದ್ದರೆ ಉಳಿಯೋದು 10. ಎಣ್ಣೆ ಮುಗಿಯೋ ಹೊತ್ತಿಗೆ ಬಾಲ್ 10ನೇ ಬೋರ್ಡ್ ಆಸುಪಾಸಿನಲ್ಲಿರಬೇಕು. 36 ಅಡಿ ಇದ್ದರೆ 5ನೇ ಬೋರ್ಡ್, ಅಂದರೆ ಹತ್ತಿರ ಹತ್ತಿರ ಅಂಚು. ಇದು ಅಂದಾಜು. ಆದರೆ ಕತ್ತಲಲ್ಲಿ ತಡಕಾಡೋದಕ್ಕಿಂತ ವಾಸಿ.

ಈಗ ಬಾಲ್‌ಗಳ ಹತ್ತಿರ ಬರೋಣ. ಎಣ್ಣೆಯನ್ನು ಮುಟ್ಟೋದು ಹೊರಮೈ, ಅಂದರೆ ಕವರ್‌ಸ್ಟಾಕ್. ಪ್ಲಾಸ್ಟಿಕ್, ಯುರೇಥೇನ್, ರಿಯಾಕ್ಟಿವ್ ರೆಸಿನ್. ಯುರೇಥೇನ್ ಬಂದಿದ್ದು 1980ರ ದಶಕದಲ್ಲಿ, ರಿಯಾಕ್ಟಿವ್ ಬಂದಿದ್ದು 1990ರ ದಶಕದ ಶುರುವಿನಲ್ಲಿ. ರಿಯಾಕ್ಟಿವ್‌ನಲ್ಲೇ ಮತ್ತೆ ಸಾಲಿಡ್, ಪರ್ಲ್, ಎರಡೂ ಬೆರೆಸಿದ ಹೈಬ್ರಿಡ್. ಸಾಲಿಡ್ ಬೇಗ ನೆಲ ಹಿಡಿಯುತ್ತದೆ. ಪರ್ಲ್ ಇನ್ನಷ್ಟು ದೂರ ಜಾರಿ, ಕೊನೆಯಲ್ಲಿ ಚುರುಕಾಗಿ ತಿರುಗುತ್ತದೆ. ಒಳಗಿನ ಕೋರ್, ಅಂದರೆ ತೂಕದ ತಿರುಳಿನ ಬಗ್ಗೆ ಅಂಗಡಿಯವರು ಅರ್ಧ ಗಂಟೆ ಮಾತಾಡುತ್ತಾರೆ. ಆರ್‌ಜಿ, ಡಿಫರೆನ್ಷಿಯಲ್, ಸಿಮೆಟ್ರಿಕ್, ಅಸಿಮೆಟ್ರಿಕ್. ಎಲ್ಲಾ ನಿಜವೇ. ಆದರೆ ಹೊಸಬರು ಮೊದಲು ನೋಡಬೇಕಾಗಿದ್ದು ಹೊರಮೈ. ಮೊದಲ ರಿಯಾಕ್ಟಿವ್ ಬಾಲ್‌ಗೆ ಸಿಮೆಟ್ರಿಕ್, ಅಂದರೆ ಸಮ ಆಕಾರದ ಕೋರ್ ತಗೊಳ್ಳಿ, ಮುಂದಕ್ಕೆ ನಡೀರಿ.

ನನ್ನ ಬ್ಯಾಗಿಗೆ ಮೊದಲು ಹೋಗೋದು ಪ್ಲಾಸ್ಟಿಕ್ ಬಾಲ್. ಹೌದು, ಎಲ್ಲಕ್ಕಿಂತ ಅಗ್ಗದ್ದು. ಕೊಲಂಬಿಯಾ ವೈಟ್ ಡಾಟ್ ಥರದ್ದು. ಇದಕ್ಕೆ ಎಣ್ಣೆ ಇದ್ದರೇನು, ಇಲ್ಲದಿದ್ದರೇನು, ಹೆಚ್ಚುಕಡಿಮೆ ನೇರ ಹೋಗುತ್ತದೆ. ಬಲಗೈಯವರಿಗೆ ಬಲ ಮೂಲೆಯ 10ನೇ ಪಿನ್ ಉಳಿದಾಗ ಎಡಗಡೆಯಿಂದ ಓರೆಯಾಗಿ ಎಸೆಯಬೇಕು. ಆಗ ಹುಕ್ ಆಗೋ ಬಾಲ್ ಕೈಕೊಡುತ್ತದೆ. ಒಂದು ಲೆಕ್ಕ ಕೇಳಿ. ಗೇಮಿಗೆ ಹತ್ತು ಫ್ರೇಮ್, ಫ್ರೇಮಿಗೆ ಎರಡು ಎಸೆತ. ಎರಡರಲ್ಲಿ ಹತ್ತೂ ಬಿದ್ದರೆ ಮುಂದಿನ ಎಸೆತದ ಪಿನ್ನೂ ಬೋನಸ್ಸಾಗಿ ಸೇರುತ್ತದೆ. ಪ್ರತಿ ಫ್ರೇಮಿನ ಮೊದಲ ಎಸೆತಕ್ಕೆ 9 ಪಿನ್ ಬಿದ್ದು, ಉಳಿದ ಒಂದನ್ನು ಪ್ರತಿ ಸಲವೂ ಹೊಡೆದರೆ, ಕೊನೇ ಎಸೆತಕ್ಕೂ 9 ಬಿದ್ದರೆ, ಒಂದೂ ಸ್ಟ್ರೈಕ್ (ಮೊದಲ ಎಸೆತಕ್ಕೇ ಹತ್ತೂ ಬೀಳೋದು) ಇಲ್ಲದೆ 190 ಅಂಕ. ಆ ಒಂದು ಪಿನ್ ಪ್ರತಿ ಸಲ ಬಿಟ್ಟರೆ ಬರೀ 90. ತಮ್ಮನಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪ್ಲಾಸ್ಟಿಕ್ ಎಷ್ಟಕ್ಕೆ ಬರುತ್ತೆ ಅಣ್ಣಾ?" ಅಂದ.

ಎರಡನೆಯದು ನಡುವಿನ ಬಾಲ್. ಇಂಗ್ಲಿಷಿನವರು ಬೆಂಚ್‌ಮಾರ್ಕ್ ಅನ್ನುತ್ತಾರೆ. ಎಲ್ಲದರಲ್ಲೂ ಮಧ್ಯಮ. ಬೇಗನೂ ಹಿಡಿಯಬಾರದು, ತೀರಾ ತಡವೂ ಆಗಬಾರದು. ಸ್ಟಾರ್ಮ್‌ನ ಹೈ-ರೋಡ್ ಹೈಬ್ರಿಡ್, ಫೇಸ್ 2 ಸಾಲಿಡ್, ಇಂಥವನ್ನು ಜನ ಈ ಜಾಗಕ್ಕೆ ಇಟ್ಟುಕೊಳ್ಳುತ್ತಾರೆ. ಯಾರೂ ನನಗೆ ದುಡ್ಡು ಕೊಟ್ಟಿಲ್ಲ, ಉದಾಹರಣೆಗೆ ಹೇಳಿದೆ ಅಷ್ಟೇ. ಹೊಸ ಸೆಂಟರಿಗೆ ಹೋದಾಗ ಮೊದಲು ಎಸೆಯೋದು ಇದನ್ನೇ. ಇದು ಬೇಗ ತಿರುಗಿತು ಅಂದರೆ ಲೇನ್ ಒಣಗಿದೆ. ಜಾರಿ ಪಾಕೆಟ್ ತಪ್ಪಿಸಿತು ಅಂದರೆ ಎಣ್ಣೆ ಜಾಸ್ತಿ. ಮೊದಲನೇ ರಿಯಾಕ್ಟಿವ್ ಬಾಲಾಗಿ ಅತಿ ಜೋರು ಹುಕ್ ಬಾಲ್ ತಗೊಂಡವರಿಗೆ ಈ ಸುದ್ದಿ ಸಿಗೋದೇ ಇಲ್ಲ. ಅದು ಎಲ್ಲಾ ಕಡೆನೂ ತಿರುಗುತ್ತದೆ, ಏನೂ ಹೇಳೋದಿಲ್ಲ.

ಇಲ್ಲಿ ಕ್ಯಾಮೆರಾ ಸ್ವಲ್ಪ ಹತ್ತಿರ ತಂದಿದ್ದೇನೆ. ಇದು ಹಿಂದಿನ ಸಲ ತೆಗೆದ ಕ್ಲಿಪ್, ಬಾಲ್ ಆಗಷ್ಟೇ ವಾಪಸ್ ಬಂದಿದೆ. ಬೆಳಕಿಗೆ ಹಿಡಿದರೆ ಎಣ್ಣೆಯ ಉಂಗುರಗಳು ಕಾಣುತ್ತವೆ. ಒಂದು, ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ಎರಡು ಕಡೆ ಎಲ್ಲಾ ಗೆರೆಗಳೂ ಹತ್ತಿರ ಬಂದು ಕೂಡುತ್ತವೆ, ನಡುವೆ ಬಿಚ್ಚಿಕೊಳ್ಳುತ್ತವೆ. ಉರುಳೋವಾಗ ಬಾಲಿನ ತಿರುಗುವ ಅಚ್ಚು ನಿಧಾನಕ್ಕೆ ಜರುಗುತ್ತದೆ, ಅದಕ್ಕೆ ಪ್ರತಿ ಸುತ್ತಿನಲ್ಲೂ ಹೊಸ ಒಣ ಮೈ ಲೇನನ್ನು ಮುಟ್ಟುತ್ತದೆ. ಪ್ಲಾಸ್ಟಿಕ್ ಬಾಲ್‌ನಲ್ಲಿ ನೋಡಿ, ಗೆರೆ ಮೇಲೆ ಗೆರೆ, ಒಂದೇ ದಪ್ಪ ಪಟ್ಟಿ. ಉಂಗುರ ದಪ್ಪಗಿದೆಯಾ, ತೆಳ್ಳಗಿದೆಯಾ ಅಂತ ನೋಡಿ. ಆಟ ಶುರುವಾದಾಗ ಒದ್ದೆಯಾಗಿ ಹೊಳೀತಿದ್ದ ಗೆರೆ, ಮೂರನೇ ಗೇಮಿಗೆ ಮಂಕಾಗಿದ್ದರೆ ಎಣ್ಣೆ ಹೋಗುತ್ತಿದೆ ಅಂತ ತಿಳೀರಿ. ಎಲ್ಲಿ ಹೋಗುತ್ತದೆ? ರಿಯಾಕ್ಟಿವ್ ಬಾಲ್‌ಗಳು ಕುಡಿಯುತ್ತವೆ. ಅದಕ್ಕೇ ಪ್ರತಿ ಎಸೆತದ ನಂತರ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸೋದು. ಯುಎಸ್‌ಬಿಸಿ (ಅಮೆರಿಕದ ಬೌಲಿಂಗ್ ಸಂಸ್ಥೆ) ನಿಯಮದ ಪಂದ್ಯದ ನಡುವೆ ಒಣ ಬಟ್ಟೆ ಮಾತ್ರ, ಕ್ಲೀನರ್ ಹಾಕೋ ಹಾಗಿಲ್ಲ.

ಎಣ್ಣೆ ಒಣಗುತ್ತಾ ಬಂದಾಗ ಮೊದಲು ಬಾಲ್ ಬದಲಿಸಬೇಡಿ, ಕಾಲು ಬದಲಿಸಿ. ಬಲಗೈಯವರು ನಿಲ್ಲೋ ಜಾಗ ಎಡಕ್ಕೆ ಎರಡು ಬೋರ್ಡ್, ಗುರಿ ಎಡಕ್ಕೆ ಒಂದು. ಅದೂ ಸಾಲದಾದಾಗ ಮೂರನೇ ಬಾಲ್.

ಮೂರನೆಯದಕ್ಕೇ ಜಗಳ ಇರೋದು. ಜಾಸ್ತಿ ಎಣ್ಣೆಗೆ ಒರಟು ಮೈಯ ಸಾಲಿಡ್ ಅಸಿಮೆಟ್ರಿಕ್ ತಗೊಳ್ಳೋದಾ? ಕಡಿಮೆ ಎಣ್ಣೆಗೆ ನುಣುಪಾದ ಪರ್ಲ್ ತಗೊಳ್ಳೋದಾ? ನನ್ನ ಓಟು ಪರ್ಲ್‌ಗೆ. ಆಡ್ತಾ ಆಡ್ತಾ ಲೇನ್ ಒಣಗೋದೇ ಜಾಸ್ತಿ. ವಾರಾಂತ್ಯದ ಸಂಜೆ ಅಂತೂ ನಿಮಗಿಂತ ಮುಂಚೆ ಎಷ್ಟೋ ಜನ ಅದೇ ಲೇನ್ ಮೇಲೆ ಆಡಿರುತ್ತಾರೆ. ಸ್ಪೋರ್ಟ್ ಪ್ಯಾಟರ್ನ್ ಟೂರ್ನಮೆಂಟ್ ಆಡೋರಾದರೆ ನನ್ನ ಮಾತು ಬಿಡಿ, ನಿಮಗೆ ಆ ಒರಟು ಮೈಯ ಸಾಲಿಡ್ ಬೇಕೇ ಬೇಕು. ಯುರೇಥೇನ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಗಿಡ್ಡ ಪ್ಯಾಟರ್ನ್‌ನಲ್ಲಿ ಅದು ಹಿಡಿತದಲ್ಲಿರುತ್ತದೆ, ನಿಜ. ಆದರೆ ಎಣ್ಣೆಯನ್ನು ಹೀರಿಕೊಳ್ಳೋದು ಕಡಿಮೆ, ಮುಂದಕ್ಕೆ ತಳ್ಳೋದು ಜಾಸ್ತಿ. ಒಣಗಿರಬೇಕಾದ ಕೊನೇ ಭಾಗ ಜಾರೋಕೆ ಶುರುವಾಗುತ್ತದೆ. ಅದು ನಾಲ್ಕನೇ ಬಾಲ್, ಅವಸರವಿಲ್ಲ.

ಹಾಗಾದರೆ ಲೇನ್ ಎಣ್ಣೆಯಲ್ಲಿ ಮುಳುಗಿದ್ದರೆ? ಅದಕ್ಕೇ ಈ ದುಂಡನೆ ಪ್ಯಾಡ್‌ಗಳು. ಅಬ್ರಾಲನ್ ಪ್ಯಾಡ್, 500, 1000, 2000, 4000 ಗ್ರಿಟ್. ಸಂಖ್ಯೆ ಚಿಕ್ಕದಾದಷ್ಟೂ ಒರಟು. ಒರಟಾದಷ್ಟೂ ಬಾಲ್ ಬೇಗ ನೆಲ ಹಿಡಿಯುತ್ತದೆ. ಹಿತ್ತಲ ಕಲ್ಲಿನ ಮೇಲೆ ಸಿಂಬೆ ಇಟ್ಟು, ಅದರ ಮೇಲೆ ನಡುವಿನ ಬಾಲ್ ಕೂರಿಸಿದ್ದೇನೆ. ಪ್ಯಾಡ್ ನೀರಲ್ಲಿ ಅದ್ದಿ, ಅಂಗೈಯಗಲ ಒತ್ತಿ, ಸುತ್ತ ಸುತ್ತ ಉಜ್ಜಬೇಕು. ಸ್ವಲ್ಪ ಹೊತ್ತಿಗೆ ಬಾಲಿನ ಬಣ್ಣದ ಕೆನೆ ಬೆರಳ ಸಂದಿಯಲ್ಲಿ ಇಳಿಯುತ್ತದೆ. ತೊಳೆದು, ಬಾಲ್ ಹೊರಳಿಸಿ, ಇನ್ನೊಂದು ಮಗ್ಗುಲು. ನಾಲ್ಕೂ ಮಗ್ಗುಲಿಗೂ ಒಂದೇ ಹೊತ್ತು, ಒಂದೇ ಒತ್ತಡ. ಕಣ್ಣಿಗೆ ಮಂಜು ಹಿಡಿದ ಹಾಗೆ ಕಾಣಬೇಕು. 1000ಕ್ಕೆ ಇಳಿಸಿದರೆ ಎಣ್ಣೆ ಜಾಸ್ತಿ ಇರೋ ಲೇನಿಗೆ ಆಯಿತು. ವಾಪಸ್ 4000ಕ್ಕೆ ತಂದರೆ ಇನ್ನಷ್ಟು ದೂರ ಜಾರುತ್ತದೆ. ಇದನ್ನೆಲ್ಲಾ ಪಂದ್ಯಕ್ಕೆ ಮುಂಚೆ ಮುಗಿಸಿರಬೇಕು. ಒಂದು ಹೊಸ ಬಾಲಿನ ದುಡ್ಡೆಲ್ಲಿ, ನಾಲ್ಕು ಪ್ಯಾಡಿನ ದುಡ್ಡೆಲ್ಲಿ!

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ತೂತು ಎಣಿಸಿ. ಎರಡು ಬೆರಳಿಗೆ, ಒಂದು ಹೆಬ್ಬೆರಳಿಗೆ. ಹಳೇ ಬಾಲ್‌ಗಳಲ್ಲಿ ತೂಕ ಸರಿದೂಗಿಸೋಕೆ ಇನ್ನೊಂದು ತೂತು ಇರುತ್ತಿತ್ತು. 2020ರ ಆಗಸ್ಟ್‌ನಿಂದ ಯುಎಸ್‌ಬಿಸಿ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ, ಮುಚ್ಚಿಸಬೇಕು. ಎರಡು ಬೆರಳ ತೂತುಗಳ ನಡುವೆ ಉಗುರು ಆಡಿಸಿ ನೋಡಿ, ಬಿರುಕು ಶುರುವಾಗೋದು ಹೆಚ್ಚಾಗಿ ಅಲ್ಲೇ. ಇನ್ನೊಂದು, ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಬಾಲ್ ಬಿಟ್ಟು ಬರಬೇಡಿ. ಕುಡಿದ ಎಣ್ಣೆ ಬೆವರಿನಂತೆ ಹೊರಬರುತ್ತದೆ, ಬಾಲ್ ಸೀಳಲೂಬಹುದು.

ಇಷ್ಟೆಲ್ಲಾ ಕೇಳಿಸಿಕೊಂಡ ತಮ್ಮ ನಿನ್ನೆ ರಾತ್ರಿ ಮೆಸೇಜ್ ಹಾಕಿದ್ದಾನೆ. "ಅಣ್ಣಾ, ಎರಡು ಬಾಲಿನ ಬ್ಯಾಗ್ ಆಫರ್‌ನಲ್ಲಿದೆ, ತಗೊಳ್ಲಾ?" ಬೇಡ ಅಂದೆ. ಮೂರರದ್ದೇ ತಗೋ, ದೊಡ್ಡ ಚಕ್ರ ಇರೋದು ನೋಡಿ ತಗೋ. ಎರಡರ ಬ್ಯಾಗ್ ಇದ್ದವರು ಮೊದಲು ಮನೇಲಿ ಬಿಟ್ಟು ಬರೋದು ಪ್ಲಾಸ್ಟಿಕ್ ಬಾಲನ್ನೇ.