ಮಂಜಿಗೂ ಕುಪ್ಯಕ್ಕೂ ತಕ್ಕ ಕಾಗದ

ಮಾನ್ಯರೇ,

ಕಪ್ಪು-ಬಿಳುಪು ಛಾಯಾಚಿತ್ರಗಳನ್ನು ಕತ್ತಲೆ ಕೋಣೆಯಲ್ಲಿ ತಾವೇ ಮುದ್ರಿಸಬೇಕೆಂದು ಹೊರಟವರು ಯಾವ ಕಂಪನಿಯ ಕಾಗದ ಒಳ್ಳೆಯದೆಂದು ವಿಚಾರಿಸುತ್ತಾರೆ. 2005ರಲ್ಲಿ ಕೊಡಾಕ್ ಇಂಥ ಕಾಗದದ ತಯಾರಿಕೆಯನ್ನು ನಿಲ್ಲಿಸಿದ ಮೇಲೂ ಇಂಗ್ಲೆಂಡಿನ ಇಲ್‌ಫರ್ಡ್, ಚೆಕ್ ದೇಶದ ಫೋಮಾ ಮೊದಲಾದ ಕಂಪನಿಗಳ ಒಳ್ಳೆಯ ಕಾಗದಗಳು ನಮಗೆ ಉಳಿದಿವೆ. ಆದರೆ ಕೈಯಲ್ಲಿರುವ ನೆಗೆಟಿವ್ ಎಂಥದು, ಪ್ರಿಂಟ್ ಎಷ್ಟು ಕಾಲ ಬಾಳಬೇಕು ಎಂಬುದು ತೀರ್ಮಾನವಾಗದೆ ಕಂಪನಿಯ ಹೆಸರನ್ನು ಚರ್ಚಿಸಿ ಫಲವಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಮಡಿಕೇರಿಯ ರಾಜಾಸೀಟಿನಿಂದ ಮಂಜಿನ ಬೆಳಿಗ್ಗೆ ತೆಗೆದ ನೆಗೆಟಿವ್‌ನಲ್ಲಿ ಬೆಳಕು-ನೆರಳಿನ ಅಂತರ ಬಹಳ ಕಡಿಮೆ. ಕಾಗದದ ಗ್ರೇಡ್ ಎಂದರೆ ಅದು ಈ ಅಂತರವನ್ನು ಎಷ್ಟು ಎತ್ತಿ ತೋರಿಸುತ್ತದೆ ಎಂಬ ಅಳತೆ; ಅಂಕೆ ಕಡಿಮೆಯಾದಷ್ಟೂ ಮೃದು, ಹೆಚ್ಚಾದಷ್ಟೂ ಗಡುಸು. ಸಾಧಾರಣವಾದ ಎರಡನೇ ಗ್ರೇಡಿನಲ್ಲಿ ಮುದ್ರಿಸಿದರೆ ಚಿತ್ರ ಮಂಕಾಗಿ ಕಾಣಬಹುದು. ಹಾಗೆಂದು ನಾಲ್ಕಕ್ಕೋ ಐದಕ್ಕೋ ಏರಿಸಿದರೆ ಮಂಜು ಬರಿಯ ಬಿಳಿ ಕಾಗದವಾಗಿ, ಬೆಟ್ಟಗಳ ನಡುವಿನ ನವಿರಾದ ಬೂದು ಬಣ್ಣಗಳೆಲ್ಲ ಅಳಿಸಿಹೋಗುತ್ತವೆ. ಮುಂಭಾಗದ ಒಂದು ಮರದ ಕಾಂಡ ಸರಿಯಾದ ಕಪ್ಪಿಗೆ ಬಂದರೆ ಸಾಕು, ಮಂಜನ್ನು ಮಂಜಾಗಿಯೇ ಬಿಡಬೇಕು. ಇದಕ್ಕೆ ವಿರುದ್ಧವಾಗಿ, ಕೊಡವ ಮದುವೆಯಲ್ಲಿ ಬಿಳಿ ಕುಪ್ಯ (ಕೊಡವ ಗಂಡಸರ ಉದ್ದನೆಯ ಮೇಲಂಗಿ) ತೊಟ್ಟ ಮದುಮಗನೂ ಕಪ್ಪು ಕುಪ್ಯ ತೊಟ್ಟ ನೆಂಟರೂ ನಡುಹಗಲ ಬಿಸಿಲಿನಲ್ಲಿ ಒಟ್ಟಿಗೆ ನಿಂತ ಚಿತ್ರಕ್ಕೆ ಸಾಮಾನ್ಯವಾಗಿ ಒಂದನೇ ಗ್ರೇಡಿನ ಆಸುಪಾಸು ಬೇಕಾಗುತ್ತದೆ. ಆಗ ಮಾತ್ರ ಬಿಳಿಯ ಮಡಿಕೆಗಳೂ ಕಪ್ಪಿನ ನೇಯ್ಗೆಯೂ ಉಳಿಯುತ್ತವೆ. ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳ ಪೆಟ್ಟಿಗೆಗಳಲ್ಲಿ ಸಿಗುವ ಹಳೆಯ ಗಾಜಿನ ನೆಗೆಟಿವ್‌ಗಳು, ಬಿಸಿಲಿನಲ್ಲಿ ಮುದ್ರಿಸುವ ಅಂದಿನ ಕಾಗದಗಳಿಗೆಂದು ಗಾಢವಾಗಿ ಮಾಡಿದವಾದರೆ, ಇಂದಿನ ಕಾಗದದಲ್ಲಿ ಇನ್ನೂ ಮೃದುವಾದ ಗ್ರೇಡನ್ನು ಕೇಳುತ್ತವೆ.

ಇಷ್ಟಕ್ಕೂ ಬೇರೆ ಬೇರೆ ಪೊಟ್ಟಣ ಬೇಕಿಲ್ಲ. 1940ರಲ್ಲಿ ಇಲ್‌ಫರ್ಡ್ ಹೊರತಂದ ಮಲ್ಟಿಗ್ರೇಡ್ ಬಗೆಯ ಕಾಗದ ಹಸಿರು ಬೆಳಕಿಗೆ ಮೃದುವಾಗಿಯೂ ನೀಲಿ ಬೆಳಕಿಗೆ ಗಡುಸಾಗಿಯೂ ಸ್ಪಂದಿಸುವುದರಿಂದ, ನೆಗೆಟಿವ್ ಚಿತ್ರವನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಎನ್‌ಲಾರ್ಜರಿಗೆ ನೀಲಿಯನ್ನು ತಡೆಯುವ ಹಳದಿ ಅಥವಾ ಹಸಿರನ್ನು ತಡೆಯುವ ಮೆಜೆಂಟಾ ಫಿಲ್ಟರ್ ಹಾಕಿ ಒಂದೇ ಹಾಳೆಯಿಂದ ಎಲ್ಲ ಗ್ರೇಡುಗಳನ್ನೂ ಪಡೆಯಬಹುದು. ತೆರೆದ ಪೊಟ್ಟಣ ತೇವದಲ್ಲಿ ಹೆಚ್ಚು ದಿನ ಬಾಳದ ಕೊಡಗಿನಲ್ಲಿ ಇದೇ ಜಾಣ ಆಯ್ಕೆ.

ಹೊರಮೈ ಬಗ್ಗೆ ಒಂದೇ ಮಾತು: ಆಳವಾದ ಕಪ್ಪು ಬೇಕಾದರೆ ಗ್ಲಾಸಿ, ಮ್ಯಾಟ್ ಕಾಗದದ ಕಪ್ಪು ಅಷ್ಟು ಗಾಢವಾಗದು.

ಕಾಗದದ ತಳದ ವಿಷಯ ಹೆಚ್ಚು ಗಂಭೀರವಾದದ್ದು. ಆರ್‌ಸಿ (ರೆಸಿನ್ ಕೋಟೆಡ್) ಕಾಗದದ ಎರಡೂ ಮೈಗೆ ಪಾಲಿಥೀನ್ ಲೇಪವಿರುವುದರಿಂದ ರಾಸಾಯನಿಕಗಳು ಒಳಗಿಳಿಯುವುದಿಲ್ಲ. ಹರಿಯುವ ನೀರಿನಲ್ಲಿ 2 ನಿಮಿಷ ತೊಳೆದರೆ ಸಾಕು. ಅಂಥ ಲೇಪವಿಲ್ಲದ ಫೈಬರ್ ಕಾಗದದ ನಾರುಗಳು ಹೈಪೋವನ್ನು, ಅಂದರೆ ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್ ರಾಸಾಯನಿಕವನ್ನು, ಹೀರಿಕೊಳ್ಳುವುದರಿಂದ ಸುಮಾರು ಒಂದು ಗಂಟೆ ತೊಳೆಯಬೇಕು, ಇಲ್ಲದಿದ್ದರೆ ಮುಂದೆ ಚಿತ್ರಕ್ಕೆ ಕಂದು ಕಲೆ ಬರುತ್ತದೆ. ಆದರೂ ಮೊಮ್ಮಕ್ಕಳಿಗೆ ಉಳಿಯಬೇಕಾದ ಚಿತ್ರಕ್ಕೆ ನಾನು ಫೈಬರ್ ಕಾಗದವನ್ನೇ ಹೇಳುತ್ತೇನೆ, ಏಕೆಂದರೆ ಸರಿಯಾಗಿ ತೊಳೆದ ಬೆರೈಟಾ (ಬೇರಿಯಂ ಸಲ್ಫೇಟ್ ಪದರವಿರುವ ಫೈಬರ್ ಕಾಗದದ) ಪ್ರಿಂಟ್‌ಗಳು ತಲೆಮಾರುಗಳ ಕಾಲ ಬಾಳಿರುವುದು ಕಣ್ಣೆದುರಿಗಿದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ ಫೈಬರ್ ಹಾಳೆ ಬೇಗ ಒಣಗುವುದಿಲ್ಲ, ಚಿತ್ರವನ್ನು ಹಿಡಿದಿರುವ ಜೆಲಟಿನ್ ಪದರದ ಮೇಲೆ ಬೂಷ್ಟು ಹಿಡಿಯುವ ಭಯವೂ ಉಂಟು. ಆದ್ದರಿಂದ ಮಳೆಗಾಲದಲ್ಲಿ ಆರ್‌ಸಿಯಲ್ಲಿ ಪ್ರಯೋಗಗಳನ್ನು ಮುಗಿಸಿ, ಫೈಬರ್ ಪ್ರಿಂಟ್‌ಗಳನ್ನು ಜನವರಿ, ಫೆಬ್ರವರಿಗೆ ಇಟ್ಟುಕೊಳ್ಳುವುದು ಲೇಸು. ಫೈಬರ್ ಪ್ರಿಂಟ್ ಒಣಗಿದಾಗ ತುಸು ಕಪ್ಪಾಗುವುದರಿಂದ, ಪರೀಕ್ಷೆಯ ತುಂಡನ್ನು ಒಣಗಿಸಿ ನೋಡಿಯೇ ಎಕ್ಸ್‌ಪೋಷರ್ (ಕಾಗದಕ್ಕೆ ಕೊಡುವ ಬೆಳಕಿನ ಪ್ರಮಾಣ) ನಿರ್ಧರಿಸಬೇಕು.

ಹಳೆಯ ಪೊಟ್ಟಣ ಅಗ್ಗಕ್ಕೆ ಸಿಕ್ಕರೆ, ಬೆಳಕು ಕಾಣದ ಒಂದು ತುಂಡನ್ನು ಚಿತ್ರ ಮೂಡಿಸುವ ಡೆವಲಪರ್, ಫಿಕ್ಸರ್ ಎರಡರಲ್ಲೂ ಅದ್ದಿ, ಇನ್ನೊಂದನ್ನು ಫಿಕ್ಸರ್‌ನಲ್ಲಿ ಮಾತ್ರ ಅದ್ದಿ, ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಬೂದು ಬಣ್ಣಕ್ಕೆ ತಿರುಗಿದ್ದರೆ ಕಾಗದ ಮಂಕುಹಿಡಿದಿದೆ. ಮದುಮಗನ ಬಿಳಿ ಕುಪ್ಯವನ್ನು ಅದರಲ್ಲಿ ಮುದ್ರಿಸಬೇಡಿ.