ಅಕ್ಕಿಕಾಳಿನಿಂದ ಹಿಂದಕ್ಕೆ ಎಣಿಸಿದ ದಿನ

ಈಗ ತೆರೆಯ ಮೇಲೆ ಕಾಣುತ್ತಿರುವುದು ನನ್ನ ತಂಗಿಯ ಮದುವೆಯ ದಿನದ ವೇಳಾಪಟ್ಟಿಯ ನಾಲ್ಕನೆಯ ಪ್ರತಿ. ಮೊದಲ ಮೂರನ್ನು ನಸುಕಿನ ಐದು ಗಂಟೆಯಿಂದ ಬರೆಯತೊಡಗಿ ನಾನೇ ಕೆಡಿಸಿದ್ದೆ. ಬಾಗಲಕೋಟೆಯ ಮದುವೆಯೊಂದನ್ನು ಮುಂಜಾನೆಯಿಂದ ಮುಂದಕ್ಕೆ ಬರೆಯಬಾರದು, ಮದುಮಕ್ಕಳ ಮೇಲೆ ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಮುಹೂರ್ತದ ಗಳಿಗೆಯಿಂದ ಹಿಂದಕ್ಕೆ ಎಣಿಸಬೇಕು ಎಂಬುದು ಆ ಮೂರು ಹಾಳೆಗಳನ್ನು ಹರಿದ ಮೇಲೆ ಹೊಳೆಯಿತು.

ಮದುವೆ ಫೆಬ್ರುವರಿಯ ಒಂದು ರವಿವಾರ. ಮುಹೂರ್ತ 12 ಗಂಟೆ 38 ನಿಮಿಷಕ್ಕೆ. ನಮ್ಮ ಕಡೆಯ ಲಗ್ನಪತ್ರಿಕೆಗಳಲ್ಲಿ ಹನ್ನೆರಡೂವರೆಯ ಆಸುಪಾಸಿನ ಹೊತ್ತು ಮತ್ತೆ ಮತ್ತೆ ಕಾಣುವುದಕ್ಕೆ ಕಾರಣವಿದೆ. ಹಗಲನ್ನು 15 ಪಾಲು ಮಾಡಿದಾಗ ನಟ್ಟನಡುವೆ ಬರುವ 8ನೆಯ ಪಾಲೇ ಅಭಿಜಿತ್ ಮುಹೂರ್ತ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸಿದರೆ ನಮ್ಮೂರು ಇರುವುದು ಸುಮಾರು 75.7 ಡಿಗ್ರಿಯಲ್ಲಿ; ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ನಮ್ಮ ನಡುಹಗಲು 27 ನಿಮಿಷ ತಡ, ಫೆಬ್ರುವರಿಯಲ್ಲಿ ಸೂರ್ಯನ ಗತಿಯಿಂದಾಗಿ ಇನ್ನೂ 14 ನಿಮಿಷದಷ್ಟು ತಡ. ಹೀಗಾಗಿ ನಮ್ಮ ಆಚಾರ್ಯರು ಪಂಚಾಂಗ ನೋಡಿ ಕೊಟ್ಟ 12:38 ಅಭಿಜಿತ್ತಿನ ಮಧ್ಯಕ್ಕೇ ಬರುತ್ತದೆ. ಈ ಗಣಿತವನ್ನು ಮನೆಯಲ್ಲಿ ವಿವರಿಸಿದಾಗ ಯಾರೂ ಕೇಳಿಸಿಕೊಳ್ಳಲಿಲ್ಲ, ಅದು ಬೇರೆ ಮಾತು.

ಅಲ್ಲಿಂದ ಹಿಂದಕ್ಕೆ ಬರೋಣ. ಅಂತರಪಟ ಹಿಡಿಯುವ ಮೊದಲು, ಅಂದರೆ 12:10ಕ್ಕೆ, ತಂಗಿ ಬಾಸಿಂಗ ಕಟ್ಟಿಕೊಂಡು ಸಿದ್ಧಳಾಗಿರಬೇಕು. ಅಲಂಕಾರಕ್ಕೆ ಎರಡು ತಾಸು ಬೇಕೆಂದು ಮೇಕಪ್‌ನವರು ಮೊದಲೇ ಹೇಳಿದ್ದಾರೆ. ಆದರೆ ಅದಕ್ಕೂ ಮೊದಲು ಸುರಗಿ ಇದೆಯಲ್ಲ! ಮೂಲೆಗಳಿಗೆ ತಂಬಿಗೆಗಳನ್ನಿಟ್ಟು, ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂಡಿಸಿ ಮುತ್ತೈದೆಯರು ನೀರು ಹಾಕಿದ ಮೇಲೆ ಆ ಉದ್ದ ಕೂದಲು ಒಣಗಲು ಮುಕ್ಕಾಲು ತಾಸು ಬೇಕೆಂಬುದನ್ನು ನನ್ನ ಮೊದಲ ಪ್ರತಿಗಳು ಮರೆತಿದ್ದವು. ಆದ್ದರಿಂದ ಸುರಗಿ 8 ಗಂಟೆಗೇ ಆರಂಭವಾಗಬೇಕು, ಮತ್ತು ಆ ಹೊತ್ತಿಗೆ ವರನೂ ಅಲ್ಲಿರಬೇಕು.

ಬೀಗರು ಬರುವುದು ವಿಜಯಪುರದಿಂದ. ಎರಡು ತಾಸಿನ ದಾರಿ ಎನ್ನುತ್ತಾರೆ. ಆದರೆ ಇದು ಕಬ್ಬಿನ ಹಂಗಾಮು. ಕೃಷ್ಣೆಯ ಮೇಲಿನ ಕೊರ್ತಿ–ಕೊಲ್ಹಾರ ಸೇತುವೆಯಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಬಸ್ಸು ಸಿಕ್ಕಿಕೊಂಡರೆ ಅದರ ಗತಿಯೇ ಬಸ್ಸಿನ ಗತಿ. ಎಲ್ಲರನ್ನೂ ನಸುಕಿನಲ್ಲಿ ಹೊರಡಿಸುವ ಬದಲು ವರ, ಅವನ ತಂದೆತಾಯಿ ಮತ್ತು ಐವರು ಮುತ್ತೈದೆಯರು ಹಿಂದಿನ ರಾತ್ರಿಯೇ ಬಂದು ಇಳಿದುಕೊಳ್ಳುವುದು, ಬಸ್ಸು 7 ಗಂಟೆಗೆ ಹೊರಡುವುದು ಎಂದು ಎರಡೂ ಮನೆಯವರು ಒಪ್ಪಿದರು.

ಊಟದ ಲೆಕ್ಕ ಒರಟಾದರೂ ಸುಳ್ಳು ಹೇಳುವುದಿಲ್ಲ. ಸಾವಿರ ಜನ, ಒಂದು ಪಂಕ್ತಿಗೆ ಇನ್ನೂರು, ಗೋಧಿ ಹುಗ್ಗಿಯ ಮೇಲೆ ತುಪ್ಪ ಬಿದ್ದು ಮಜ್ಜಿಗೆ ಬರುವವರೆಗೆ 35 ನಿಮಿಷ: ಐದು ಪಂಕ್ತಿ ಮುಗಿಯಲು ಹೆಚ್ಚುಕಡಿಮೆ ಮೂರು ತಾಸು. ಒಂದು ಪಂಕ್ತಿಯನ್ನು ಮೊದಲೇ ಮುಗಿಸೋಣವೇ ಎಂದು ಕೇಳಿದ್ದಕ್ಕೆ ಸೋದರಮಾವ, "ಅಕ್ಕಿಕಾಳ ಬೀಳೂಕಿಂತ ಮೊದಲ ಎಲಿ ಹಾಕಬ್ಯಾಡ್ರಿ" ಎಂದು ಆ ಸಾಲನ್ನೇ ಹೊಡೆದು ಹಾಕಿದರು. ಮಕ್ಕಳಿಗೂ ಸಕ್ಕರೆ ಕಾಯಿಲೆಯ ಹಿರಿಯರಿಗೂ 11 ಗಂಟೆಗೆ ಉಪ್ಪಿಟ್ಟು ಕೊಡಲು ಮಾತ್ರ ಒಪ್ಪಿಗೆ ಸಿಕ್ಕಿತು. ಊಟ ನಡೆಯುತ್ತಿರುವಾಗಲೇ ವೇದಿಕೆಯ ಮೇಲೆ ಆಯೇರಿ, ಅಂದರೆ ಉಡುಗೊರೆ ಕೊಡುವುದು, ಸಾಗುತ್ತದೆ.

ದಿನದ ಇನ್ನೊಂದು ಗೂಟ 4:30. ರವಿವಾರದ ರಾಹುಕಾಲ ಅಲ್ಲಿಂದ 6ರವರೆಗೆ. ಆ ಹೊತ್ತಿನಲ್ಲಿ ಹೆಣ್ಣು ಹೊಸ್ತಿಲು ದಾಟಬಾರದೆಂದು ಅಜ್ಜಿಯ ಪಟ್ಟು. ಊಟ ಮುಗಿಯುವುದೇ 3:45ಕ್ಕೆ. ಉಳಿದ 45 ನಿಮಿಷಗಳನ್ನು ನಾನು ಫೋಟೊದವರಿಗೆ ಬರೆದುಕೊಟ್ಟಿದ್ದೆ. ಹಾಳೆಯನ್ನು ಎರಡು ಸಲ ಓದಿದ ಅವ್ವ, ಉಡಿ ತುಂಬುವುದು ಎಲ್ಲಿದೆ ಎಂದು ಮೆಲ್ಲಗೆ ಕೇಳಿದಳು. ಗುಳೇದಗುಡ್ಡದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಎಲ್ಲವನ್ನೂ ಅವಳು ತಿಂಗಳ ಹಿಂದೆಯೇ ತಂದಿಟ್ಟಿದ್ದಳು. ಈಗ ಫೋಟೊಗಳಿಗೆ 15 ನಿಮಿಷ, ಉಡಿಗೆ 30.