ಪೆನ್ನಿನ ಸಂತೆಗೆ ಹೋಗುವವರಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹೊರಗೆ ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆ ಬಿಡದೆ ಸುರಿಯುತ್ತಿದೆ. ತೋಟದ ಕೆಲಸ ನಿಂತಿದೆ. ಒಲೆಯ ಮುಂದೆ ಕೂತವರು, ಗಿರಾಕಿ ಬಾರದ ಅಂಗಡಿಯಲ್ಲಿ ಕೂತವರು, ಶಾಲೆಗೆ ರಜೆ ಸಿಕ್ಕಿದ ಮಕ್ಕಳು, ಯಾರಾದರೂ ಕೇಳುತ್ತಿದ್ದೀರಿ ಅನ್ನುವ ಧೈರ್ಯದ ಮೇಲೆ ಮಾತು ಶುರು ಮಾಡುತ್ತೇನೆ.

ಮೊನ್ನೆ ಬೆಂಗಳೂರಿನಲ್ಲಿ ಇಂಕ್ ಪೆನ್ನುಗಳ ಪ್ರದರ್ಶನಕ್ಕೆ ಹೋಗಿ ಬಂದೆ. ಮಡಿಕೇರಿಯಿಂದ ಆರು ಗಂಟೆ ಬಸ್ಸು. ಪಕ್ಕದ ಸೀಟಿನವರು, "ಒಂದು ಪೆನ್ನಿಗೆ ಇಷ್ಟು ದೂರವಾ? ನಮ್ಮ ಅಂಗಡಿಯಲ್ಲೇ ಹತ್ತು ರೂಪಾಯಿಗೆ ಸಿಗುತ್ತಲ್ಲ" ಅಂದರು. ಹತ್ತು ರೂಪಾಯಿಗೆ ಸಿಗುವುದು ಬಾಲ್ ಪೆನ್. ಅದನ್ನು ಒತ್ತಿ ಬರೆಯಬೇಕು. ಇಂಕ್ ಪೆನ್ನನ್ನು ಒತ್ತಬಾರದು, ಸುಮ್ನೆ ಕಾಗದದ ಮೇಲೆ ಇಟ್ಟು ಎಳೆದರೆ ಸಾಕು. ಇದನ್ನು ಹುಣಸೂರು ದಾಟುವ ತನಕ ವಿವರಿಸಿದೆ. ಆಮೇಲೆ ಅವರು ನಿದ್ದೆ ಹೋದರು.

ಇವತ್ತು ನಾನು ಹೇಳಬೇಕಾದದ್ದು ಒಂದೇ ಮಾತು. ಪೆನ್ನನ್ನು ಕೊಳ್ಳುವ ಮೊದಲು ನಿಮ್ಮದೇ ಕಾಗದದ ಮೇಲೆ, ಕನ್ನಡದಲ್ಲಿ ಬರೆದು ನೋಡಿ. ಉಳಿದದ್ದೆಲ್ಲ ಮರೆತರೂ ನಡೆಯುತ್ತದೆ.

ಪ್ರದರ್ಶನ ಅಂದರೆ ಏನೋ ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುತ್ತಾರೆ ಅಂದುಕೊಳ್ಳಬೇಡಿ. ಅದು ಸಂತೆ. ಒಂದು ದೊಡ್ಡ ಹಾಲ್, ಸಾಲಾಗಿ ಮೇಜು. ಒಂದು ಕಡೆ ಹೊಸ ಪೆನ್ನು, ಒಂದು ಕಡೆ ಅಜ್ಜಂದಿರ ಕಾಲದ ಹಳೆಯ ಪೆನ್ನು. ಇನ್ನೊಂದು ಮೇಜಿನ ತುಂಬ ಶಾಯಿಯ ಬಾಟಲಿಗಳು. ನೀಲಿ, ಕಪ್ಪು ಅಷ್ಟೇ ಅಲ್ಲ. ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡುತ್ತೇವಲ್ಲ, ಥೇಟ್ ಅದೇ ನೇರಳೆ ಬಣ್ಣದ ಶಾಯಿ ಕಂಡೆ. ಮೂಸಿ ಕೂಡ ನೋಡಿದೆ. ಅಂಗಡಿಯವನು ವಿಚಿತ್ರವಾಗಿ ನೋಡಿದ.

ಕೈಯಿಂದ ಪೆನ್ನು ಮಾಡುವವರೂ ಬಂದಿರುತ್ತಾರೆ. ಅವರ ಮುಂದೆ ಕರಿ ಕಡ್ಡಿಗಳ ರಾಶಿ. ಅದು ಎಬೊನೈಟ್. ನಮ್ಮ ಸಂಪಾಜೆ ಕಡೆ ರಬ್ಬರ್ ಹಾಲು ಇಳಿಸುತ್ತಾರಲ್ಲ, ಆ ರಬ್ಬರಿಗೆ ಗಂಧಕವನ್ನು ಜಾಸ್ತಿ ಬೆರೆಸಿ ಬೇಯಿಸಿದರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಅದನ್ನು ಲೇತ್‌ನಲ್ಲಿ ಕಡೆದು ಪೆನ್ನು ಮಾಡುತ್ತಾರೆ. ಆಂಧ್ರದ ರಾಜಮಂಡ್ರಿಯಲ್ಲಿ ರತ್ನಂ ಅವರ ಮನೆಯವರು 1930ರ ದಶಕದಿಂದ ಇದೇ ಕೆಲಸ ಮಾಡಿಕೊಂಡು ಬಂದಿದ್ದಾರೆ. ಸ್ವದೇಶಿ ಪೆನ್ನು ಬೇಕು ಅಂದ ಗಾಂಧೀಜಿಗೇ ಅವರು ಪೆನ್ನು ಕಳಿಸಿದ್ದರು. 1935ರಲ್ಲಿ ಗಾಂಧೀಜಿ ಅದನ್ನು ಮೆಚ್ಚಿ ಕಾಗದ ಬರೆದರು. ಗಮನಿಸಿ, ಅವರೂ ಬರೆದು ನೋಡಿಯೇ ಮೆಚ್ಚಿದ್ದು.

ಇನ್ನು ಈ ಪೆನ್ನು ಕೆಲಸ ಮಾಡುವುದು ಹೇಗೆ? ನಿಬ್ಬಿನ ನಡುವೆ ಒಂದು ಸೀಳು ಇದೆ. ನಿಬ್ಬಿನ ಕೆಳಗೆ ಕಪ್ಪಗೆ ನಾಲಗೆಯ ಹಾಗೆ ಒಂದು ಇದೆ, ಅದೇ ಫೀಡ್. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಆ ಸೀಳು ಶಾಯಿ ಎಳೆದುಕೊಳ್ಳುತ್ತದೆ. ಎಷ್ಟು ಶಾಯಿ ಕೆಳಗಿಳಿಯುತ್ತದೋ ಅಷ್ಟು ಗಾಳಿ ಫೀಡಿನ ಮೂಲಕ ಮೇಲೆ ಹೋಗಬೇಕು. ಅಷ್ಟೇ. 1884ರಲ್ಲಿ ಅಮೆರಿಕದ ವಾಟರ್‌ಮನ್ ಎಂಬುವರು ಈ ಲೆಕ್ಕಕ್ಕೆ ಪೇಟೆಂಟ್ ಪಡೆದರು. ಇವತ್ತಿಗೂ ಅದೇ ಲೆಕ್ಕ.

ಈಗ ನನ್ನ ಕಥೆ. ಇದನ್ನು ಹೇಳದೆ ನಾನು ಇಲ್ಲಿಂದ ಏಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ಮೊದಲ ಸಲ ಇಂಥ ಪ್ರದರ್ಶನಕ್ಕೆ ಹೋಗಿದ್ದೆ. ಒಂದು ಮೇಜಿನ ಮೇಲೆ ಹಸಿರು ಪೆನ್ನು. ಮಳೆ ಬಿಟ್ಟ ಮೇಲೆ ಕಾಫಿ ಎಲೆ ಹೊಳೆಯುತ್ತದಲ್ಲ, ಆ ಹಸಿರು. ಚಿನ್ನದ ಬಣ್ಣದ ದಪ್ಪ ನಿಬ್ಬು. ಅಂಗಡಿಯವನು ಅವನದೇ ಹಾಳೆ ಕೊಟ್ಟ. ದಪ್ಪನೆಯ, ಬೆಣ್ಣೆಯಂಥ ಹಾಳೆ. ನಾನು ಏನು ಬರೆದೆ? ಎಲ್ಲರೂ ಬರೆಯುವುದನ್ನೇ. ಇಂಗ್ಲಿಷಿನ ಎಂಟನ್ನು ನಾಲ್ಕು ಸಲ ಸುತ್ತಿದೆ. ಕೆಳಗೊಂದು ಸಹಿ ಗೀಚಿದೆ. ಆಹಾ ಅನ್ನಿಸಿತು. ಒಂದು ತಿಂಗಳ ಪಿಂಚಣಿಯಲ್ಲಿ ಅರ್ಧ ಎಣಿಸಿಕೊಟ್ಟೆ. ನಾನು ಮೂವತ್ತು ವರ್ಷ ಕನ್ನಡ ಮೇಷ್ಟ್ರು. ಅಲ್ಲಿ ಒಂದೇ ಒಂದು ಕನ್ನಡ ಅಕ್ಷರ ಬರೆಯಲಿಲ್ಲ!

ಮನೆಗೆ ಬಂದೆ. ಆಗಲೂ ಹೀಗೇ ಮಳೆ. ನಾಪೋಕ್ಲಿನಲ್ಲಿರುವ ನಮ್ಮ ಬಾವನಿಗೆ ಹೊಸ ಪೆನ್ನಿನಲ್ಲಿ ಮೊದಲ ಕಾಗದ ಬರೆದೆ. ಅವರಿಗೆ ಮಡಿಕೇರಿಯಿಂದ ಒಂದು ಕಾಡು ಕಡಿಯುವ ಕತ್ತಿ ಬೇಕಾಗಿತ್ತು. "ಶನಿವಾರ ಮಧ್ಯಾಹ್ನದ ಬಸ್ಸಿನಲ್ಲಿ ಒಳ್ಳೆಯ ಕತ್ತಿ ಕಳಿಸುತ್ತಿದ್ದೇನೆ, ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳಿ" ಅಂತ ಬರೆದು ಅಂಚೆಗೆ ಹಾಕಿದೆ. ಫೋನ್ ಮಾಡಬಹುದಿತ್ತು, ಅಲ್ವಾ? ಆದರೆ ಹೊಸ ಪೆನ್ನು ಬಂದಿತ್ತಲ್ಲ.

ಶುಕ್ರವಾರ ರಾತ್ರಿ ಬಾವನ ಫೋನ್. "ಅಲ್ಲ ಮಾರಾಯ, ಬಸ್ಸಿನವರು ಅದನ್ನು ಹತ್ತಿಸಿಕೊಳ್ಳುತ್ತಾರಾ?"

"ಯಾಕೆ ಹತ್ತಿಸಿಕೊಳ್ಳಲ್ಲ? ಗೋಣಿಯಲ್ಲಿ ಸುತ್ತಿ ಕೊಡುತ್ತೇನೆ."

"ಗೋಣಿಯಲ್ಲಾ? ಒದೆಯುವುದಿಲ್ವಾ?"

ಐದು ನಿಮಿಷ ಹೀಗೇ ಮಾತಾಡಿದೆವು. "ಅದಕ್ಕೆ ಎಷ್ಟು ವಯಸ್ಸು" ಅಂತ ಬಾವ ಕೇಳಿದಾಗ ನನಗೆ ತಲೆಗೆ ಹೋಯಿತು. ಅವರು ಕತ್ತಿಯನ್ನು ಕತ್ತೆ ಅಂತ ಓದಿದ್ದರು. ಪಾಪ, ಹಟ್ಟಿಯಲ್ಲಿ ಜಾಗವನ್ನೂ ಮಾಡಿದ್ದರು. ಅಕ್ಕ ಹಿಂದಿನಿಂದ, "ಅವನಿಗೆ ನಿವೃತ್ತಿಯಾದ ಮೇಲೆ ಹೀಗೇ ಆಗಿದೆ, ನೀವು ಸುಮ್ಮನಿರಿ" ಅನ್ನುತ್ತಿದ್ದದ್ದೂ ಕೇಳಿಸಿತು.

ತಪ್ಪು ಬಾವನದಲ್ಲ. ಮುಂದಿನ ವಾರ ಹೋದಾಗ ಆ ಕಾಗದ ತರಿಸಿ ನೋಡಿದೆ. ಕತ್ತಿಯ ತಲೆಯ ಮೇಲಿನ ಗುಡಿಸು ಇದೆಯಲ್ಲ, ಆ ಪುಟ್ಟ ಸುತ್ತು, ಅದರೊಳಗೆ ಶಾಯಿ ತುಂಬಿ ಮುಚ್ಚಿಹೋಗಿತ್ತು. ಅದು ಬಲಕ್ಕೆ ಹರಡಿ ಥೇಟ್ ಎತ್ವದ ಹಾಗೆ ಕಾಣುತ್ತಿತ್ತು. ಕೆಳಗಿನ ತ ಒತ್ತಂತೂ ಒಂದು ಇರುವೆ ಸತ್ತುಬಿದ್ದ ಹಾಗೆ.

ಯಾಕೆ ಹೀಗಾಯಿತು? ಕಾಗದಕ್ಕೆ ಮಾಡುವಾಗಲೇ ಒಂದು ಬಗೆಯ ಗಂಜಿ ಕೊಟ್ಟಿರುತ್ತಾರೆ, ಸೀರೆಗೆ ಕೊಡುವ ಹಾಗೆ. ಆ ಗಂಜಿ ಇದ್ದರೆ ಶಾಯಿ ಗೆರೆಯಲ್ಲೇ ನಿಲ್ಲುತ್ತದೆ. ಅಗ್ಗದ ಕಾಗದಕ್ಕೆ ಗಂಜಿ ಕಮ್ಮಿ. ಮೇಲಿಂದ ನಮ್ಮ ಮಳೆಗಾಲ. ಉಪ್ಪಿನ ಡಬ್ಬಿ ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ, ಕಾಗದ ಮಾತ್ರ ಒಣಗಿರುತ್ತದಾ? ಥಂಡಿ ಹಿಡಿದ ಕಾಗದದಲ್ಲಿ ಶಾಯಿ ಹರಡುತ್ತದೆ. ಬೆಂಗಳೂರಿನ ಏಸಿ ಹಾಲ್‌ನಲ್ಲಿ, ಅಂಗಡಿಯವನ ದುಬಾರಿ ಹಾಳೆಯಲ್ಲಿ ಇದು ಗೊತ್ತಾಗುವುದೇ ಇಲ್ಲ. ಅದಕ್ಕೇ ಹೇಳುವುದು, ನಿಮ್ಮ ಕಾಗದ ಒಯ್ಯಿರಿ ಅಂತ. ದಿನಾ ಬರೆಯುವ ನೋಟ್‌ಬುಕ್, ತೋಟದ ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್, ಏನಿದ್ದರೂ ಸರಿ.

ಕನ್ನಡ ಯಾಕೆ? ನಮ್ಮದು ಉರುಟು ಅಕ್ಷರ. ನಿಬ್ಬು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಲ್ಲ ಕಡೆ ತಿರುಗಬೇಕು. ಕೆಲವು ನಿಬ್ಬು ಕೆಳಗೆ ಎಳೆದರೆ ಬೆಣ್ಣೆ, ಎಡಕ್ಕೆ ತಿರುಗಿಸಿದರೆ ಗರಗಸ. ಸಾಲದ್ದಕ್ಕೆ ಸಣ್ಣ ಸಣ್ಣ ಸುತ್ತು, ಹೊಟ್ಟೆಯೊಳಗೆ ಚುಕ್ಕಿ, ಕಾಲ ಕೆಳಗೆ ಒತ್ತು. ದಪ್ಪ ನಿಬ್ಬಿನಲ್ಲಿ ಇವೆಲ್ಲ ಮುಚ್ಚಿಹೋಗುತ್ತವೆ. ಸಣ್ಣ ನಿಬ್ಬು ಕೇಳಿ. ನಿಬ್ಬಿನ ಮೇಲೆ ಎಫ್ ಅಂತ ಕೊರೆದಿರುತ್ತದೆ. ಜಪಾನಿನ ಎಫ್ ಯುರೋಪಿನದಕ್ಕಿಂತ ಇನ್ನೂ ಸಣ್ಣ. ಅವರ ಅಕ್ಷರಗಳೂ ಇಕ್ಕಟ್ಟಿನಲ್ಲಿ ಹತ್ತಾರು ಗೆರೆ ಬೇಡುವಂಥವು, ಅವರಿಗೆ ನಮ್ಮ ಕಷ್ಟ ಗೊತ್ತು.

ಈ ಸಲ ನಾನು ಐದು ಪದ ಬರೆದುಕೊಂಡು ಹೋಗಿದ್ದೆ. ನೀವೂ ಬರೆದುಕೊಳ್ಳಿ, ನಿಧಾನವಾಗಿ ಹೇಳುತ್ತೇನೆ. ಕತ್ತಿ. ಕತ್ತೆ. ಕಾಫಿ. ಥಂಡಿ. ಸ್ತ್ರೀ. ಕಾಫಿಯ ಫ ಪ ಆಗಬಾರದು. ಥಂಡಿಯ ಚುಕ್ಕಿ ಮುಚ್ಚಬಾರದು. ಸ್ತ್ರೀಯ ಎರಡು ಒತ್ತೂ ಬೇರೆ ಬೇರೆ ಕಾಣಬೇಕು. ಹನ್ನೊಂದು ಪೆನ್ನಿನಲ್ಲಿ ಈ ಐದು ಪದ ಬರೆದೆ. ಕೆಲವರು ನಕ್ಕರು. ನಿಬ್ಬು ಸರಿ ಮಾಡುವ ಒಬ್ಬ ಹುಡುಗ ಮಾತ್ರ ನಗಲಿಲ್ಲ. ಭೂತಗನ್ನಡಿ ಹಿಡಿದು, "ಸರ್, ಸೀಳಿನ ಎರಡು ಕಾಲು ಮೇಲೆ ಕೆಳಗೆ ಆಗಿದೆ, ಅದಕ್ಕೇ ಎಡಕ್ಕೆ ತರಚುತ್ತಿದೆ" ಅಂದ. ಉಗುರಿನಿಂದ ಒಂಚೂರು ಒತ್ತಿದ. ಕತ್ತಿ ಕತ್ತಿಯಾಯಿತು, ಕತ್ತೆ ಕತ್ತೆಯಾಯಿತು. ಕರಿ ಎಬೊನೈಟಿನ ಸಾದಾ ಪೆನ್ನು. ಹಸಿರು ಪೆನ್ನಿನ ಕಾಲು ಭಾಗ ಬೆಲೆಯೂ ಇಲ್ಲ.

ಸಮಯ ಆಗುತ್ತಾ ಬಂತು. ಶಾಯಿ, ತೊಳೆಯುವುದು, ಹಳೆಯ ಪೆನ್ನು, ಇವೆಲ್ಲ ಹೇಳಬೇಕಿತ್ತು. ಬೇಗ ಹೇಳುತ್ತೇನೆ. ಚಿತ್ರ ಬರೆಯುವ ಇಂಡಿಯನ್ ಇಂಕ್ ಹಾಕಬೇಡಿ, ಒಣಗಿದರೆ ಅರಗಿನ ಹಾಗೆ ಕಟ್ಟಿಕೊಳ್ಳುತ್ತದೆ. ತೊಳೆಯಲು ತಣ್ಣೀರು ಸಾಕು. ಬಿಸಿನೀರು, ಸ್ಪಿರಿಟ್ ಬೇಡವೇ ಬೇಡ. ಎಬೊನೈಟ್ ಪೆನ್ನನ್ನು ಬಿಸಿಲಿಗೆ ಇಡಬೇಡಿ, ಬಣ್ಣ ಮಾಸುತ್ತದೆ. ಈಗ ಆ ಭಯವಿಲ್ಲ ಬಿಡಿ, ಬಿಸಿಲು ಕಂಡು ಎಷ್ಟು ದಿನವಾಯಿತು. ಪ್ರದರ್ಶನದಲ್ಲಿ ಪೆನ್ನು ಮುಟ್ಟುವ ಮೊದಲು ಕೇಳಿ. ಕ್ಯಾಪನ್ನು ಸುಮ್ನೆ ಎಳೆಯಬೇಡಿ, ತಿರುಪಿ ತೆಗೆಯುವುದೋ ಅಂತಲೂ ಕೇಳಿ. ಅಜ್ಜನ ಪೆನ್ನು ಪೆಟ್ಟಿಗೆಯಲ್ಲಿದ್ದರೆ ಒಂದು ರಾತ್ರಿ ನಿಬ್ಬನ್ನು ತಣ್ಣೀರಿನಲ್ಲಿ ಮುಳುಗಿಸಿಡಿ. ಇಕ್ಕಳ ತೆಗೆದುಕೊಂಡು ಎಳೆಯುವವರಿಗೆ ನಾನು ಏನೂ ಹೇಳುವುದಿಲ್ಲ.

ಮತ್ತೆ, ಆ ಐದು ಪದ. ನಿಮ್ಮ ಕಾಗದದ ಮೇಲೆ.

ಹಸಿರು ಪೆನ್ನು ಏನಾಯಿತು ಅಂತ ಕೇಳುತ್ತೀರಿ. ಅದನ್ನು ಬಾವನಿಗೇ ಕೊಟ್ಟೆ. ಬ್ಯಾಂಕಿನಲ್ಲಿ ಸಹಿ ಹಾಕಲು ಜೇಬಿಗೆ ಸಿಕ್ಕಿಸಿಕೊಂಡು ಹೋಗುತ್ತಾರೆ. ಅವರ ಸಹಿ ಮೊದಲೂ ಯಾರಿಗೂ ಓದಲು ಬರುತ್ತಿರಲಿಲ್ಲ. ಮನೆಯಲ್ಲಿ ಆ ಪೆನ್ನಿಗೆ ಎಲ್ಲರೂ ಕತ್ತೆ ಅಂತಲೇ ಕರೆಯುತ್ತಾರೆ.

ನಮಸ್ಕಾರ.